ಪದ ಪರಿಚಯ: ಆರ್ನಿತಿಕ್ನೈಟೀಸ್

ಗ್ರೀಕಿನಲ್ಲಿ ‘ಆರ್ನಿಸ್’ ಎಂದರೆ ಹಕ್ಕಿ, ‘ಇಕ್ನೋಸ್’ ಎಂದರೆ ಹೆಜ್ಜೆಗುರುತು. ಎರಡನ್ನೂ ಸೇರಿಸಿ, ಕಲ್ಲನ್ನು ಸೂಚಿಸುವ ಪ್ರತ್ಯಯ ಹಚ್ಚಿ, ಅಮೆರಿಕದ ಭೂವಿಜ್ಞಾನಿ ಎಡ್ವರ್ಡ್ ಹಿಚ್‌ಕಾಕ್ 1836ರಲ್ಲಿ ಈ ಪದ ಕಟ್ಟಿದರು. ಮ್ಯಾಸಚೂಸೆಟ್ಸ್‌ನ ಗ್ರೀನ್‌ಫೀಲ್ಡ್ ಊರಿನ ಕಾಲುದಾರಿಗೆಂದು ತಂದ ಚಪ್ಪಡಿಗಳಲ್ಲಿ ಮೂರು ಬೆರಳಿನ ಗುರುತುಗಳಿದ್ದವು. ಅವು ದೈತ್ಯ ಹಕ್ಕಿಗಳವೆಂದು ಅವರು ನಂಬಿದರು. ‘ಡೈನೋಸಾರ್’ ಎಂಬ ಗುಂಪಿಗೆ ಆಗ ಹೆಸರೇ ಇರಲಿಲ್ಲ. ಅದು ಬಂದದ್ದು 1842ರಲ್ಲಿ. ಆ ಗುರುತುಗಳು ಡೈನೋಸಾರ್‌ಗಳವು ಎಂದು ಆಮೇಲೆ ಗೊತ್ತಾಯಿತು.

ಪದ ಬಳಕೆಯಿಂದ ಸರಿಯಿತು. ಆದರೆ ಅದರ ಹಿಂದಿದ್ದ ಕ್ರಮ ಉಳಿಯಿತು: ಹೆಸರಿಡುವುದು ಹೆಜ್ಜೆಗೆ, ಪ್ರಾಣಿಗಲ್ಲ. ಇದು ವಿವೇಕದ ಕ್ರಮವೆಂದೇ ನನ್ನ ಭಾವನೆ. ಒಂದೇ ಕಾಲು ಕೆಸರಿನಲ್ಲಿ ಒಂದು ಬಗೆ, ಗಟ್ಟಿ ಮರಳಿನಲ್ಲಿ ಇನ್ನೊಂದು ಬಗೆ ಗುರುತು ಬಿಡುತ್ತದೆ. ನಡೆದುಹೋದ ಜೀವಿಯ ಎಲುಬು ಪಕ್ಕದಲ್ಲೇ ಸಿಗುವುದು ತೀರ ಅಪರೂಪ. ಆದ್ದರಿಂದ ದಕ್ಷಿಣ ಕೊರಿಯಾದಲ್ಲಿ ಸಿಕ್ಕ ‘ಕೊರಿಯಾನಾರ್ನಿಸ್’ ಒಂದು ಹಕ್ಕಿಯ ಹೆಸರಲ್ಲ, ಒಂದು ಬಗೆಯ ಹಕ್ಕಿಹೆಜ್ಜೆಯ ಹೆಸರು.

ಹಕ್ಕಿಯದೇ ಎಂದು ಗುರುತಿಸುವುದು ಹೇಗೆ? ಹೊರಬೆರಳುಗಳ ನಡುವಿನ ಕೋನ ಅಗಲವಾಗಿರಬೇಕು, ಹಲವು ವೇಳೆ 110 ಡಿಗ್ರಿ ಅಥವಾ ಹೆಚ್ಚು. ಬೆರಳು, ಉಗುರು ಸಪೂರವಾಗಿರಬೇಕು. ಕೆಲವದರಲ್ಲಿ ಹಿಂಬೆರಳಿನ ಗುರುತೂ ಕಾಣುತ್ತದೆ.

ಹಕ್ಕಿಗಳು ಡೈನೋಸಾರ್ ವಂಶದವೇ ಆದ್ದರಿಂದ ಹಿಚ್‌ಕಾಕ್ ಅವರ ಊಹೆಯನ್ನು ಪೂರ್ತಿ ತಪ್ಪೆನ್ನಲಾಗದು. ಅವರ ಚಪ್ಪಡಿಗಳು ಈಗ ಆಮ್‌ಹರ್ಸ್ಟ್ ಕಾಲೇಜಿನ ಬೆನೆಸ್ಕಿ ವಸ್ತುಸಂಗ್ರಹಾಲಯದಲ್ಲಿವೆ.