ಲಾಗೋಸ್–ಅಕ್ರಾ: ದೂರ ಮತ್ತು ಪ್ರಯಾಣಕಾಲ

ನೈಜೀರಿಯಾದ ಲಾಗೋಸ್ ಮತ್ತು ಘಾನಾದ ರಾಜಧಾನಿ ಅಕ್ರಾ, ಗಿನಿ ಕೊಲ್ಲಿಯ ದಡದ ಎರಡು ದೊಡ್ಡ ನಗರಗಳು. ಇವುಗಳ ವಿಮಾನ ನಿಲ್ದಾಣಗಳ ನೇರ ಅಂತರ ಸುಮಾರು 400 ಕಿ.ಮೀ. ಹಾರಾಟಕ್ಕೆ ಹಿಡಿಯುವುದು ಹೆಚ್ಚೆಂದರೆ ಒಂದು ಗಂಟೆ. ನೈಜೀರಿಯಾದ ಸಮಯ ಘಾನಾಕ್ಕಿಂತ ಒಂದು ಗಂಟೆ ಮುಂದಿರುವುದರಿಂದ ಲಾಗೋಸನ್ನು ಬೆಳಿಗ್ಗೆ 10ಕ್ಕೆ ಬಿಟ್ಟವರು ಇಳಿಯುವಾಗ ಅಕ್ರಾದ ಗಡಿಯಾರದಲ್ಲೂ ಹೆಚ್ಚುಕಡಿಮೆ 10 ಗಂಟೆಯೇ. ಮರಳುವಾಗ ಎರಡು ಗಂಟೆ ಕಳೆದಂತೆ ಕಾಣುತ್ತದೆ.

ರಸ್ತೆಯ ದೂರ 470 ಕಿ.ಮೀ. ಆಸುಪಾಸು. ನಡುವೆ ಬೆನಿನ್ ಮತ್ತು ಟೋಗೊ ದೇಶಗಳಿವೆ. ಹಾಗಾಗಿ ಸೆಮೆ, ಹಿಲ್ಲಾಕೊಂಜಿ, ಅಫ್ಲಾವೊ ಎಂಬ ಮೂರು ಗಡಿಗಳನ್ನು ದಾಟಬೇಕು. ಬಸ್ಸು ಎಷ್ಟು ಹೊತ್ತಿಗೆ ತಲುಪೀತು ಎಂಬುದನ್ನು ರಸ್ತೆಗಿಂತ ಈ ಮೂರು ಕಡೆಯ ತಪಾಸಣೆಯ ಸಾಲುಗಳೇ ತೀರ್ಮಾನಿಸುತ್ತವೆ. ಹಿಂದೆ ಇನ್ನೊಂದು ತೊಡಕಿತ್ತು. ಬ್ರಿಟಿಷರ ವಸಾಹತುಗಳಾಗಿದ್ದ ನೈಜೀರಿಯಾ, ಘಾನಾಗಳಲ್ಲಿ ವಾಹನಗಳು ಎಡಕ್ಕೆ, ಫ್ರೆಂಚ್ ಆಡಳಿತ ಕಂಡ ನಡುವಿನ ಎರಡು ದೇಶಗಳಲ್ಲಿ ಬಲಕ್ಕೆ ಓಡುತ್ತಿದ್ದವು. ಲಾಗೋಸಿನಿಂದ ಹೊರಟ ಚಾಲಕ ಸೆಮೆಯಲ್ಲಿ ಬಲಕ್ಕೆ ಹೊರಳಿ, ಅಫ್ಲಾವೊದಲ್ಲಿ ಮತ್ತೆ ಎಡಕ್ಕೆ ಬರಬೇಕಿತ್ತು. 1972ರಲ್ಲಿ ನೈಜೀರಿಯಾ, 1974ರಲ್ಲಿ ಘಾನಾ ಬಲಬದಿಗೆ ಬದಲಾದ ಮೇಲೆ ಈ ತಾಪತ್ರಯ ತಪ್ಪಿತು.

ವಿಮಾನದ ನಂಟು ಯುದ್ಧಕಾಲದ್ದು. 1940ರಿಂದ ಬ್ರಿಟನ್, ಇಂದಿನ ಘಾನಾದ ಟಕೊರಾಡಿ ಬಂದರಿನಲ್ಲಿ ಜೋಡಿಸಿದ ಯುದ್ಧವಿಮಾನಗಳನ್ನು ಲಾಗೋಸ್, ಕಾನೊ, ಖಾರ್ಟೂಮ್ ಮಾರ್ಗವಾಗಿ ಕೈರೋಗೆ ಹಾರಿಸುತ್ತಿತ್ತು. 1946ರಲ್ಲಿ ಪ್ರದೇಶದ ನಾಲ್ಕು ಬ್ರಿಟಿಷ್ ವಸಾಹತುಗಳಿಗಾಗಿ ವೆಸ್ಟ್ ಆಫ್ರಿಕನ್ ಏರ್‌ವೇಸ್ ಕಾರ್ಪೊರೇಷನ್ ಸ್ಥಾಪನೆಯಾಯಿತು. ಅದರ ಕೇಂದ್ರ ಲಾಗೋಸ್. ಸ್ವತಂತ್ರ ಘಾನಾ 1958ರಲ್ಲಿ ತನ್ನದೇ ಘಾನಾ ಏರ್‌ವೇಸ್ ಕಟ್ಟಿಕೊಂಡಿತು; ಉಳಿದ ಸಂಸ್ಥೆ ಮುಂದೆ ನೈಜೀರಿಯಾ ಏರ್‌ವೇಸ್ ಆಯಿತು. ಸಾಲದ ಹೊರೆಯಲ್ಲಿ ಕುಸಿದ ಇವೆರಡೂ 2003–04ರಲ್ಲಿ ಒಂದರ ಹಿಂದೊಂದು ಬಾಗಿಲು ಹಾಕಿದವು. ಮುಂದೆ ಈ ಮಾರ್ಗ ಬಹುಮಟ್ಟಿಗೆ ಖಾಸಗಿ ಕಂಪನಿಗಳ ಪಾಲಾಯಿತು.

ನೆಲಮಾರ್ಗದ ಕಥೆ ಇದಕ್ಕಿಂತ ಕಹಿಯಾದುದು. 1969ರಲ್ಲಿ ಘಾನಾ, ಪರವಾನಗಿ ಇಲ್ಲದ ವಿದೇಶಿಯರನ್ನು ಹೊರಹಾಕಿದಾಗ ನೈಜೀರಿಯನ್ನರು ದೊಡ್ಡ ಸಂಖ್ಯೆಯಲ್ಲಿ ಊರು ಬಿಟ್ಟರು. 1983ರ ಜನವರಿಯಲ್ಲಿ ಆದೇಶ ಹೊರಡಿಸುವ ಸರದಿ ನೈಜೀರಿಯಾದ್ದು. ಸುಮಾರು 10 ಲಕ್ಷ ಘಾನಾದವರು ಗಂಟುಮೂಟೆ ಕಟ್ಟಬೇಕಾಯಿತು. ಆದರೆ ಟೋಗೊ ಕಡೆಯ ತನ್ನ ಗಡಿಯನ್ನು ಘಾನಾ ಆಗಲೇ ಮುಚ್ಚಿತ್ತು. ಬಂದವರು ತಮ್ಮಲ್ಲೇ ಉಳಿದುಬಿಡುತ್ತಾರೆಂದು ಹೆದರಿ ಬೆನಿನ್ ಕೂಡ ದಾರಿ ತಡೆಯಿತು. ತಿಂಗಳ ಕೊನೆಗೆ ಗಡಿ ತೆರೆಯುವವರೆಗೆ ಜನ ಸೆಮೆಯ ಬಯಲಲ್ಲೇ ಕಾದರು. ಅವರು ಸಾಮಾನು ತುಂಬಿಕೊಂಡಿದ್ದ ಚೌಕಳಿಯ ಪ್ಲಾಸ್ಟಿಕ್ ಚೀಲಕ್ಕೆ ನೈಜೀರಿಯಾದಲ್ಲಿ ಇಂದಿಗೂ ‘ಘಾನಾ ಮಸ್ಟ್ ಗೋ’ ಎಂದೇ ಹೆಸರು. ವಿಪರ್ಯಾಸವೆಂದರೆ, ಪಶ್ಚಿಮ ಆಫ್ರಿಕಾದ ದೇಶಗಳ ಎಕೊವಾಸ್ ಒಕ್ಕೂಟದ ಪ್ರಜೆಗಳಿಗೆ 90 ದಿನ ವೀಸಾ ಇಲ್ಲದೆ ತಂಗಲು ಅವಕಾಶ ಕೊಡುವ ಒಪ್ಪಂದಕ್ಕೆ ಎರಡೂ ದೇಶಗಳು 1979ರಲ್ಲೇ ಸಹಿ ಹಾಕಿದ್ದವು.

ಐವರಿ ಕೋಸ್ಟ್‌ನ ಅಬಿಜಾನಿನಿಂದ ಲಾಗೋಸಿಗೆ ಅಕ್ರಾ ಮೂಲಕ ಸಾವಿರ ಕಿ.ಮೀ. ಉದ್ದದ ಷಟ್ಪಥ ಹೆದ್ದಾರಿ ನಿರ್ಮಿಸಲು ಐದು ದೇಶಗಳು 2014ರಲ್ಲಿ ಒಪ್ಪಂದ ಮಾಡಿಕೊಂಡವು. 2018ರಲ್ಲಿ ಸೆಮೆಯಲ್ಲಿ ಜಂಟಿ ತಪಾಸಣಾ ಕೇಂದ್ರ ಉದ್ಘಾಟನೆಯಾಯಿತು. ವರ್ಷ ತುಂಬುವ ಮೊದಲೇ, 2019ರ ಆಗಸ್ಟ್‌ನಲ್ಲಿ, ಅಕ್ಕಿಯ ಕಳ್ಳಸಾಗಣೆ ತಡೆಯಲೆಂದು ನೈಜೀರಿಯಾ ಸರಕು ಸಾಗಣೆಗೆ ಗಡಿ ಮುಚ್ಚಿತು. ಘಾನಾದ ವ್ಯಾಪಾರಿಗಳ ಲಾರಿಗಳೂ ಅಲ್ಲೇ ಸಿಕ್ಕಿಬಿದ್ದವು. ಗಡಿಯನ್ನು ಮತ್ತೆ ತೆರೆಯುವ ಆದೇಶ ಬಂದದ್ದು 2020ರ ಡಿಸೆಂಬರ್‌ನಲ್ಲಿ.