ಆಷಾಢದ ಗಡುವು: ಪೋತ್ನಾಳ ಸೀಮೆಯ ಮದುವೆ ನಿಷೇಧ ಕುರಿತು ಒಂದು ಟಿಪ್ಪಣಿ

ಮಾನ್ವಿ–ಸಿಂಧನೂರು ರಸ್ತೆಯ ಪೋತ್ನಾಳ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಕಳೆಯಿತೆಂದರೆ ಹಂದರದ ಮಾತಿಲ್ಲ. ಎರೆಮಣ್ಣಿನ ಜೋಡೆತ್ತು ಮಾಡಿ, ಜಗಲಿ ಮೇಲಿಟ್ಟು ಪೂಜಿಸಿದ ಮರುದಿನವೇ ಆಷಾಢ. ನಾಗರ ಅಮಾವಾಸ್ಯೆಯವರೆಗೆ ಲಗ್ನಕ್ಕೆ ಮುಹೂರ್ತವಿಲ್ಲ. ಆ ವರ್ಷ ಬಂದ ಸೊಸೆ ತವರಿಗೆ ಹೋಗುತ್ತಾಳೆ. ಅತ್ತೆ ಸೊಸೆ ಈ ತಿಂಗಳು ಒಂದೇ ಹೊಸ್ತಿಲು ದಾಟಬಾರದೆಂಬ ನಂಬಿಕೆ.

ಏಕೆಂದು ಕೇಳಿದರೆ ಓದಿದವರ ಸಿದ್ಧ ಉತ್ತರ: ಬಿತ್ತಿಗೆ ಕಾಲ, ಬಿಡುವಿಲ್ಲ. ಮುಂಗಾರಿಯ ಸಜ್ಜೆ, ತೊಗರಿಗೆ ಇದು ಸರಿ. ಆದರೆ ಎರೆಹೊಲದ ಬಿಳಿಜೋಳ, ಕಡಲೆ ಹಿಂಗಾರಿಯವು, ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. 1953ರ ನಂತರ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬಂದಾಗ ನಾಟಿಯ ಗದ್ದಲ ಶ್ರಾವಣಕ್ಕೂ ಚಾಚಿತು. ನಿಷೇಧ ಅದರ ಬೆನ್ನು ಹತ್ತಲಿಲ್ಲ. ಅಲ್ಲದೆ ಆಳು ಸಾಲದ ದಿನಗಳಲ್ಲಿ ಹೊಸ ಸೊಸೆಯನ್ನು ಯಾವ ಅತ್ತೆ ತವರಿಗೆ ಕಳಿಸಿಯಾಳು?

ಆಷಾಢದಲ್ಲಿ ಬಸಿರಾದರೆ ಹೆರಿಗೆ ಚೈತ್ರದ ಬಿಸಿಲಿಗೆ ಬರುತ್ತದೆ ಎಂಬುದು ಇನ್ನೊಂದು ವಾದ. ರಾಯಚೂರಿನ ಬಿಸಿಲು ಬಲ್ಲವರಿಗೆ ಇದು ಹಗುರದ ಮಾತಲ್ಲ. ಆದರೆ ಶ್ರಾವಣದ ಬಸಿರಿಗೆ ಹೆರಿಗೆ ವೈಶಾಖದಲ್ಲಿ, ಬಿಸಿಲು ಇನ್ನೂ ಕಡು. ಶ್ರಾವಣಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಕಾರಣ ಹುಡುಕುವುದಕ್ಕಿಂತ ನಿಷೇಧ ಮಾಡುವ ಕೆಲಸ ನೋಡುವುದು ಲೇಸು. ಹೋಲಿಕೆಗೆ ಐರ್ಲೆಂಡ್ ನೋಡಿ: ಅಲ್ಲಿನ ಹಳ್ಳಿಗಳಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚು ಮದುವೆ ಮಾಡಿಸುತ್ತಿರಲಿಲ್ಲ. ಹಾಗಾಗಿ ಅದರ ಹಿಂದಿನ ಮಂಗಳವಾರದೊಳಗೆ ಮದುವೆಗಳ ನೂಕುನುಗ್ಗಲು. ಗಡುವು ಮೀರಿಯೂ ಒಂಟಿಯಾಗಿ ಉಳಿದವರ ಬೆನ್ನಿಗೆ ಮುಂದಿನ ಭಾನುವಾರ ಹುಡುಗರು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. 1930ರ ದಶಕದಲ್ಲಿ ಅಲ್ಲಿನ ಕ್ಲೇರ್ ಸೀಮೆಯಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಕಾನ್ರಾಡ್ ಆರೆನ್ಸ್‌ಬರ್ಗ್ ಬರೆದಂತೆ, ಅಲ್ಲಿ ಮದುವೆಯೆಂದರೆ ಹೊಲ ಮಗನ ಕೈಗೆ ಬರುವ, ಹೆಣ್ಣಿನ ಕಡೆಯ ಹಣ ಗೊತ್ತಾಗುವ ವ್ಯವಹಾರ. ಇಂಥ ಎಳೆದಾಟಕ್ಕೆ ಗಡುವಿಗಿಂತ ಒಳ್ಳೆಯ ಮಧ್ಯಸ್ಥ ಯಾರು?

ನಮ್ಮ ಬೀಗರ ಬಾಯಲ್ಲೂ ಅದೇ ಮಾತು: "ಆಷಾಢ ಬರೋದ್ರೊಳಗ ಮುಗಿಸಿಬಿಡ್ರಿ." ಬಂಗಾರದ ತೂಕ, ಊಟದ ಖರ್ಚು ಜ್ಯೇಷ್ಠದಲ್ಲಿ ತಟ್ಟನೆ ಇತ್ಯರ್ಥವಾಗುವುದಕ್ಕೆ ಈ ಅವಸರವೂ ಕಾರಣವೆಂದು ನನ್ನ ಅನಿಸಿಕೆ. ಇದನ್ನು ಒರೆಗೆ ಹಚ್ಚಲು ಕಲ್ಯಾಣ ಮಂಟಪಗಳ ಬುಕಿಂಗ್ ವಹಿ ಸಾಕು. ಮೊದಲು ತೆರೆಯಬೇಕಾದದ್ದು 2015ರದು: ಅಧಿಕ ಆಷಾಢ ಬಿದ್ದ ಆ ವರ್ಷ ಜೂನ್ ನಡುವಿಗೆ ನಿಂತ ಲಗ್ನಗಳಿಗೆ ಆಗಸ್ಟ್ ನಡುವಿನವರೆಗೆ ದಾರಿ ಇರಲಿಲ್ಲ.