ಮಹಡಿಯ ಮೆಟ್ಟಿಲು: ಇಂಗ್ಲೆಂಡಿನ ಪೇಟೆಬೀದಿಯ ಅಂಗಡಿ-ಮನೆಗಳಲ್ಲಿ ಹೂಡಿಕೆ

ಇಂಗ್ಲೆಂಡಿನ ಊರುಗಳಲ್ಲಿ ಹೈ ಸ್ಟ್ರೀಟ್ ಎಂದರೆ ನಮ್ಮ ಪೇಟೆಬೀದಿ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಹಳೆಯ ಕಟ್ಟಡವನ್ನು ಕೊಂಡು ನವೀಕರಿಸಲು ಹೊರಟವರು ಅಂಗಡಿಯ ಬಾಡಿಗೆಯನ್ನೂ ಖಾಲಿ ಮಹಡಿಯ ವಿಸ್ತೀರ್ಣವನ್ನೂ ಲೆಕ್ಕಹಾಕುತ್ತಾರೆ. ಮಹಡಿಗೆ ಹತ್ತುವ ದಾರಿ ಎಲ್ಲಿದೆ ಎಂಬ ಪ್ರಶ್ನೆ ಇವೆರಡಕ್ಕಿಂತ ಮೊದಲು ಬರಬೇಕು ಎಂಬುದು ನನ್ನ ವಾದ.

ಹಿಂದೆ ವ್ಯಾಪಾರಿಯ ಕುಟುಂಬ ಅಂಗಡಿಯ ಮೇಲೆಯೇ ವಾಸವಿತ್ತು. 20ನೆಯ ಶತಮಾನದಲ್ಲಿ ಹಬ್ಬಿದ ಸರಣಿ ಮಳಿಗೆಗಳಿಗೆ ಬೇಕಾದದ್ದು ಅಗಲವಾದ ಗಾಜಿನ ಮುಂಭಾಗ. ಬೀದಿಗೆ ತೆರೆಯುತ್ತಿದ್ದ ಮನೆಬಾಗಿಲನ್ನೂ ಮೆಟ್ಟಿಲನ್ನೂ ಎಷ್ಟೋ ಕಡೆ ಕಿತ್ತು ಆ ಜಾಗವನ್ನು ಅಂಗಡಿಗೆ ಸೇರಿಸಿದರು. ಮಹಡಿ ಸರಕಿನ ಕೋಣೆಯಾಯಿತು, ಆಮೇಲೆ ಪಾಳುಬಿತ್ತು.

ಕಿತ್ತ ಬಾಗಿಲನ್ನು ಮತ್ತೆ ಇಡಲು ತಗಲುವ ಬೆಲೆ ಗಾರೆ-ಇಟ್ಟಿಗೆಯದಷ್ಟೇ ಅಲ್ಲ. ಅಲ್ಲಿ ಅಂಗಡಿ ಬಾಡಿಗೆಯನ್ನು ವಲಯಗಳ ಲೆಕ್ಕದಲ್ಲಿ ಕಟ್ಟುತ್ತಾರೆ. ಮುಂಭಾಗದಿಂದ ಮೊದಲ 20 ಅಡಿ ‘ಎ’ ವಲಯ, ಪೂರ್ಣ ದರ. ಮುಂದಿನ 20 ಅಡಿಗೆ ಅರ್ಧ, ಅದರಾಚೆಯ 20ಕ್ಕೆ ಕಾಲು. ಬೀದಿಬಾಗಿಲಿನಿಂದ ಮೆಟ್ಟಿಲಿಗೆ ಹೋಗುವ 4 ಅಡಿ ಅಗಲದ ಓಣಿಯೊಂದು ಎ ವಲಯದಲ್ಲಿ ನುಂಗುವ 80 ಚದರಡಿ, ಹಿಂಬದಿಯ ಕಾಲು ದರದ 320 ಚದರಡಿಗೆ ಸಮ. ಹಿತ್ತಲಿನಿಂದ ಮೆಟ್ಟಿಲು ಕಟ್ಟಿದರೆ ಈ ನಷ್ಟ ತಪ್ಪುತ್ತದೆ, ಹಿತ್ತಲಿಗೆ ದಾರಿಯ ಹಕ್ಕು ಇದ್ದರೆ. ಆದರೆ 2009ರ ಜನವರಿಯ ಹೊತ್ತಿಗೆ ವುಲ್‌ವರ್ತ್ಸ್ ಸರಣಿ ತನ್ನ 807 ಮಳಿಗೆಗಳನ್ನೂ ಮುಚ್ಚಿದ ಮೇಲೆ, ಆನ್‌ಲೈನ್ ವ್ಯಾಪಾರ ಬೆಳೆದ ಮೇಲೆ, ಅನೇಕ ಊರುಗಳಲ್ಲಿ ಎ ವಲಯದ ದರವೇ ಇಳಿದಿದೆ. ಅಂಗಡಿಯ ಬಾಡಿಗೆ ಕುಗ್ಗಿದಷ್ಟೂ ಬಾಗಿಲಿಗಾಗಿ ಬಿಟ್ಟುಕೊಡುವ ಜಾಗ ಅಗ್ಗವಾಗುತ್ತದೆ. ಹೂಡಿಕೆದಾರರು ಕುಸಿತವೆಂದು ಅಂಜುವ ಬೀದಿಯಲ್ಲೇ ಮನೆ ಮರಳಿ ಬರಲು ಅವಕಾಶ ಹೆಚ್ಚಿದೆ ಎಂದು ನಾನು ನಂಬುತ್ತೇನೆ.

ತೆರಿಗೆಯೂ ಇದಕ್ಕೆ ಒತ್ತಾಸೆ. 4 ಲಕ್ಷ ಪೌಂಡಿನ ಅಂಗಡಿ-ಮನೆಗೆ ಮುದ್ರಾಂಕ ತೆರಿಗೆ 9,500 ಪೌಂಡ್. ಅದೇ ಬೆಲೆಯ ಎರಡನೆಯ ಮನೆಗೆ 2025ರ ಏಪ್ರಿಲ್‌ನಿಂದ 30,000. 2 ವರ್ಷ ಖಾಲಿಯಿದ್ದ ಮನೆಯ ನವೀಕರಣಕ್ಕೆ ವ್ಯಾಟ್ 20ರ ಬದಲು ಶೇ. 5.

ಅಂಗಡಿಯ ಮೇಲೆ 2 ಮನೆಗಳವರೆಗೆ ಬಳಕೆ ಬದಲಿಸಲು ಪೂರ್ಣ ಯೋಜನಾ ಅನುಮತಿ ಸಾಮಾನ್ಯವಾಗಿ ಬೇಕಿಲ್ಲ. ಬೀದಿಗೆ ಹೊಸ ಬಾಗಿಲು ತೆರೆಯಲು ಮಾತ್ರ ಬೇಕು, ಏಕೆಂದರೆ ಕಟ್ಟಡದ ಹೊರರೂಪ ಬದಲಾಗುತ್ತದೆ.

ಕಠಿಣವಾದದ್ದು ಅಂಗಡಿಯ ಬಾಡಿಗೆದಾರನ ಹಕ್ಕು. ಓಣಿಗೆ ಬೇಕಾದ ನೆಲದ ಪಟ್ಟಿ ಅವನ ಗುತ್ತಿಗೆಯೊಳಗಿದೆ. ಒಪ್ಪಂದದಲ್ಲಿ ಕೈಬಿಟ್ಟಿರದಿದ್ದರೆ, 1954ರ ಭೂಮಾಲೀಕ-ಬಾಡಿಗೆದಾರ ಕಾಯಿದೆ ಅವನಿಗೆ ಗುತ್ತಿಗೆ ನವೀಕರಣದ ಹಕ್ಕು ಕೊಡುತ್ತದೆ. ಪುನರ್ನಿರ್ಮಾಣದ ಕಾರಣವೊಡ್ಡಿ ಮಾಲೀಕ ವಿರೋಧಿಸಬಹುದು. ಆದರೆ ಬಾಡಿಗೆದಾರ ತಾನಾಗಿ ಹೋಗಿದ್ದರೂ ಆ ಕೆಲಸ ಮಾಡುವ ಉದ್ದೇಶ ಇದ್ದಿರಬೇಕೆಂದು 2018ರ ಎಸ್. ಫ್ರಾನ್ಸೆಸ್ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಅದೇ ಕಾಯಿದೆಯ 31ಎ ಕಲಮಿನಲ್ಲಿ ಮಧ್ಯದ ದಾರಿಯಿದೆ. ಉಳಿದ ಭಾಗ ಆರ್ಥಿಕವಾಗಿ ಪ್ರತ್ಯೇಕವಾಗಿ ನಿಲ್ಲುವಂತಿದ್ದು, ಅಷ್ಟಕ್ಕೆ ಹೊಸ ಗುತ್ತಿಗೆ ಸಾಕೆಂದು ಬಾಡಿಗೆದಾರ ಒಪ್ಪಿ, ಬಿಟ್ಟುಕೊಟ್ಟ ಪಟ್ಟಿ ಕೆಲಸಕ್ಕೆ ಸಾಲುವಂತಿದ್ದರೆ, ಅಂಗಡಿ ಅವನಲ್ಲೇ ಉಳಿಯುತ್ತದೆ, ಮೆಟ್ಟಿಲಿನ ಜಾಗ ಮಾಲೀಕನಿಗೆ ಬರುತ್ತದೆ.